ಕೈಯ ಬಿಗಿಯೇ ಸಾಕು

ಗಾಡಿಯ ಆಯಿಲ್ ಫಿಲ್ಟರನ್ನು ಬಿಚ್ಚುವುದೂ ಕೂಡಿಸುವುದೂ ಒಂದು ಲೇಖನಕ್ಕೆ ವಸ್ತುವಾದೀತೇ ಎಂದು ಓದುಗರು ಕೇಳಬಹುದು. ಗೋವೆಯ ಕನ್ನಡಿಗರಲ್ಲಿ ಲಾರಿ, ಟ್ಯಾಕ್ಸಿ, ಗ್ಯಾರೇಜುಗಳನ್ನು ನಂಬಿ ಬದುಕುವ ಕುಟುಂಬಗಳು ಕಡಿಮೆಯಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಬಂದು ವಾಸ್ಕೋ, ಝುವಾರಿನಗರ, ಫೋಂಡಾಗಳಲ್ಲಿ ನೆಲೆ ನಿಂತ ಇಂಥ ಮನೆಗಳಲ್ಲಿ ಎಂಜಿನ್ ಕೆಟ್ಟಿತೆಂದರೆ ಒಲೆಯ ಉರಿ ತಗ್ಗಿತೆಂದೇ ಅರ್ಥ. ಆದುದರಿಂದ ಅಂಗೈಯಲ್ಲಿ ಹಿಡಿಯುವಷ್ಟೇ ಇರುವ ಈ ತಗಡಿನ ಡಬ್ಬಿಯ ವಿಚಾರ ಮನೆಮಂದಿಯೆಲ್ಲ ತಿಳಿದಿರತಕ್ಕದ್ದೆಂದು ನಾವು ಭಾವಿಸುತ್ತೇವೆ.

ನಮ್ಮ ನೆರೆಯಲ್ಲಿದ್ದ ಟ್ಯಾಕ್ಸಿ ಚಾಲಕನೊಬ್ಬನಿಗೆ ಒದಗಿದ ಕಷ್ಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಂಜೆ ಗಾಡಿಗೆ ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿಸಿದ. ಮರುದಿನ ಬೆಳಗಾವಿಯ ಬಾಡಿಗೆ. ಅನ್ಮೋಡ ಘಾಟಿನ ಏರಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ತಿರುವಿನಲ್ಲಿ ನಿಲ್ಲಿಸಲು ಜಾಗವಿಲ್ಲ, ಹಿಂದೆ ಲಾರಿಗಳ ಸಾಲು; ಜಾಗ ಸಿಗುವವರೆಗೆ ಓಡಿಸಿದ. ಅಷ್ಟರಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ಬಿಚ್ಚಿ ನೋಡಿದಾಗ ಫಿಲ್ಟರಿನ ಬಾಯಲ್ಲಿ ಒಂದಲ್ಲ, ಎರಡು ರಬ್ಬರ್ ಬಳೆಗಳಿದ್ದವು. ಹಳೆಯ ಫಿಲ್ಟರನ್ನು ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದರು. ಬಿಚ್ಚುವಾಗ ಡಬ್ಬಿ ಬಂತು, ಅದರ ರಬ್ಬರ್ ಎಂಜಿನಿಗೇ ಅಂಟಿ ಉಳಿಯಿತು. ಅದರ ಮೇಲೆಯೇ ಹೊಸದನ್ನು ಕೂಡಿಸಿ ಪಾನಾ ಹಾಕಿ ಬಿಗಿಯಲಾಗಿತ್ತು. ರಬ್ಬರಿನ ಮೇಲೆ ರಬ್ಬರ್ ನಿಲ್ಲುವುದಿಲ್ಲ, ಒತ್ತಡ ಏರಿದಂತೆ ಜಾರಿ ಹೊರಬರುತ್ತದೆ. ಎಂಜಿನ್ ಕಟ್ಟಿಸಲು ಆತ ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟ. ಪ್ರವಾಸಿಗರು ಬರುವ ಚಳಿಗಾಲದ ದಿನಗಳೇ ಅವನ ವರ್ಷದ ಗಳಿಕೆ. ಆ ದಿನಗಳಲ್ಲಿ ಹೆಚ್ಚಿನವನ್ನು ಅವನ ಗಾಡಿ ಗ್ಯಾರೇಜಿನಲ್ಲಿಯೇ ಕಳೆಯಿತು.

ಓಡುವ ಎಂಜಿನಿನಲ್ಲಿ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 3–4 ಕಿಲೋದಷ್ಟಿರುತ್ತದೆ. ಚಿಕ್ಕ ಕಾರಿನ ಹೊಟ್ಟೆಯಲ್ಲಿರುವ ಎಣ್ಣೆಯೂ ಮೂರು-ನಾಲ್ಕು ಲೀಟರು ಮಾತ್ರ. ಬಾಯಿ ಬಿಟ್ಟ ಫಿಲ್ಟರಿನಿಂದ ಅದು ಹೊರಗೆ ಹೋಗಲು ಕೆಲವೇ ನಿಮಿಷ ಸಾಕು. ಇಷ್ಟು ಒತ್ತಡವನ್ನು ತಡೆಯುವುದು ಯಾವುದು? ತೋಳಿನ ಬಲವೆಂದು ಹಲವರು ತಿಳಿದಿದ್ದಾರೆ. ನಮ್ಮ ತಾಯಂದಿರು ಇದನ್ನು ಹೆಚ್ಚು ಸುಲಭವಾಗಿ ಅರಿಯಬಲ್ಲರು: ಕುಕ್ಕರಿನ ಉಗಿಯನ್ನು ತಡೆಯುವುದು ಮುಚ್ಚಳ ಹಾಕಿದವರ ಶಕ್ತಿಯಲ್ಲ, ಒಳಗಿನ ರಬ್ಬರ್ ಗ್ಯಾಸ್ಕೆಟ್. ಫಿಲ್ಟರಿನಲ್ಲಿಯೂ ಹಾಗೆಯೇ. ರಬ್ಬರು ತಕ್ಕಷ್ಟು ಅದುಮಿದರೆ ಎಣ್ಣೆ ನಿಲ್ಲುತ್ತದೆ. ಮಿತಿ ಮೀರಿದರೆ ರಬ್ಬರು ಚಪ್ಪಟೆಯಾಗಿ ಹಿಗ್ಗುತ್ತದೆ, ತಗಡಿನ ಅಂಚು ಬಾಗುತ್ತದೆ, ಕೆಲವೊಮ್ಮೆ ಥ್ರೆಡ್ಡೂ ಕೆಡುತ್ತದೆ. ಸೋರಬಾರದೆಂದು ಬಿಗಿದುದೇ ಸೋರುವುದಕ್ಕೆ ಕಾರಣವಾಗುತ್ತದೆ.

ಈ ಅತಿಬಿಗಿಯ ಅಭ್ಯಾಸ ನಮ್ಮಲ್ಲಿ ಹೇಗೆ ಬಂತೆಂಬುದಕ್ಕೆ ನಮ್ಮದೇ ಒಂದು ಊಹೆಯಿದೆ. ಹಿಂದಿನ ಅಂಬಾಸಡರ್ ಕಾರಿನಲ್ಲಿ ಫಿಲ್ಟರೆಂದರೆ ಒಂದು ಲೋಹದ ಬಟ್ಟಲು, ನಡುವೆ ಉದ್ದನೆಯ ಬೋಲ್ಟು, ಒಳಗೆ ಬದಲಿಸುವ ಎಲಿಮೆಂಟು. ಅದಕ್ಕೆ ಪಾನಾ ಬೇಕೇ ಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕೈಯಿಂದ ತಿರುಗಿಸಿ ಕೂಡಿಸುವ ಡಬ್ಬಿ ಊರೂರಿನ ಗ್ಯಾರೇಜುಗಳಿಗೂ ಬಂತು. ಡಬ್ಬಿ ಬದಲಾಯಿತು, ಮೇಸ್ತ್ರಿಯ ಕೈ ಬದಲಾಗಲಿಲ್ಲ.

ಇನ್ನೊಂದು ಕಾರಣವನ್ನು ನಮಗೆ ತಿಳಿಸಿದವನು ಝುವಾರಿನಗರದ ಒಂದು ಗ್ಯಾರೇಜಿನ ಹುಡುಗ. ಬಾಗಲಕೋಟೆ ಕಡೆಯವನು, ಹದಿನೆಂಟು ದಾಟಿರಲಾರದು. ಹೊಸ ಫಿಲ್ಟರಿಗೆ ಚೈನ್ ಪಾನಾ ಸುತ್ತಿ ಎರಡೂ ಕೈಯಿಂದ ಎಳೆಯುತ್ತಿದ್ದ. ಅಷ್ಟೇಕೆಂದು ಕೇಳಿದೆವು.

"ಸಡಲ ಬಿಟ್ರ ಬೈತಾರ್ರೀ ಕಾಕಾ. ಬಿಗಿ ಮಾಡಿದ್ರ ಯಾರೂ ಬೈಯಂಗಿಲ್ಲ."

"ಮುಂದ ಬಿಚ್ಚಾಂವ ಬೈತಾನಲ್ಲೋ ತಮ್ಮಾ."

"ಆಗ ನಾ ಅಲ್ಲಿರಂಗಿಲ್ರೀ," ಎಂದು ನಕ್ಕುಬಿಟ್ಟ.

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸೋರಿದ ಫಿಲ್ಟರ್ ಮರುದಿನವೇ ಅವನ ಹೆಸರು ಹೇಳುತ್ತದೆ. ಅತಿ ಬಿಗಿದುದು ಆರು ತಿಂಗಳ ಮೇಲೆ ಇನ್ನಾರದೋ ಕೈಯಲ್ಲಿ ಗೊತ್ತಾಗುತ್ತದೆ. ಬೈಗಳನ್ನು ಒಂದೇ ಕಡೆಗೆ ಇಟ್ಟ ಹಿರಿಯರದೇ ತಪ್ಪು, ಹುಡುಗನದಲ್ಲವೆಂದು ನಮ್ಮ ಅಭಿಪ್ರಾಯ.

ಬಿಚ್ಚುವ ಕೆಲಸ ಗೋವೆಯಲ್ಲಿ ಇನ್ನಷ್ಟು ಕಠಿಣ. ಕಡಲಿನ ಉಪ್ಪುಗಾಳಿ, ನಾಲ್ಕು ತಿಂಗಳ ಬಿಡದ ಮಳೆ, ಗಣಿಯ ರಸ್ತೆಗಳ ಕೆಂಪು ಧೂಳು ಇವೆಲ್ಲ ಸೇರಿ ತಗಡನ್ನು ತಿನ್ನುತ್ತವೆ. 2012ರಲ್ಲಿ ಗಣಿಗಾರಿಕೆ ನಿಂತಾಗ ಅದಿರಿನ ಲಾರಿಗಳು ಮನೆಗಳ ಮುಂದೆಯೇ ಮಳೆಗಾಲ ಕಳೆದವು. ಹಾಗೆ ನಿಂತ ಗಾಡಿಯ ತುಕ್ಕು ಹಿಡಿದ ಫಿಲ್ಟರನ್ನು ತೆಗೆಯುವುದೆಂದರೆ ಅದೊಂದು ಸೆಣಸಾಟವೇ ಸರಿ. ಸರಿಯಾಗಿ ಕೂಡಿಸಿದ ಫಿಲ್ಟರ್ ಕೂಡ ಬಿಸಿ-ತಂಪುಗಳಿಂದ ಕೂಡಿಸಿದಾಗಿನದಕ್ಕಿಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೊದಲೇ ಅತಿ ಬಿಗಿದಿದ್ದರೆ ಕೇಳುವುದೇ ಬೇಡ. ಆಗ ಸ್ಕ್ರೂಡ್ರೈವರನ್ನು ಡಬ್ಬಿಗೆ ಚುಚ್ಚಿ ತಿರುಗಿಸುವ ಉಪಾಯಕ್ಕೆ ಕೈ ಹಾಕುವವರುಂಟು. ಹಲವು ಸಲ ತಗಡು ಹರಿದುಬರುತ್ತದೆ, ತಳದ ಬಿಲ್ಲೆ ಅಲ್ಲಿಯೇ ಉಳಿಯುತ್ತದೆ. ಎಂಜಿನನ್ನು ತುಸು ಬೆಚ್ಚಗೆ ಮಾಡಿಕೊಂಡು, ಮೊದಲು ಕೆಳಗಿನ ಡ್ರೈನ್ ಬೋಲ್ಟಿನಿಂದ ಎಣ್ಣೆ ಇಳಿಸಿ, ಜಾರದಂತೆ ಒರೆಸಿ, ಡಬ್ಬಿಯ ಬುಡದ ಹತ್ತಿರ ಪಟ್ಟಿ ಅಥವಾ ಚೈನ್ ಪಾನಾ ಹಾಕುವುದು ಒಳ್ಳೆಯದು; ನಡುವೆ ಹಾಕಿದರೆ ಡಬ್ಬಿ ಜಜ್ಜಿಹೋಗುತ್ತದೆ. ಚೈನ್ ಪಾನಾ ಬಿಚ್ಚುವುದಕ್ಕೆ ಮಾತ್ರ. ಇಲ್ಲೊಂದು ಮೋಸವೂ ಇದೆ. ಡಬ್ಬಿಯ ತಳವನ್ನು ನೇರವಾಗಿ ನೋಡುವವನಿಗೆ ಎಡಕ್ಕೆ ತಿರುಗಿಸಿದರೆ ಸಡಿಲು. ಮೇಲಿನಿಂದ ಬಗ್ಗಿ ಕೈ ಚಾಚಿದವನಿಗೆ ಅದೇ ಚಲನೆ ಬಲಕ್ಕೆ ಕಾಣುತ್ತದೆ. ಬಿಚ್ಚುತ್ತಿದ್ದೇನೆಂದು ಬಿಗಿಯುತ್ತಲೇ ಹೋದವರು ಹಲವರಿದ್ದಾರೆ.

ಡಬ್ಬಿ ಕೈಗೆ ಬಂದೊಡನೆ ನೋಡಬೇಕಾದುದು ಅದರ ಬಾಯನ್ನು. ರಬ್ಬರ್ ಬಳೆ ಅದರಲ್ಲಿಯೇ ಇದೆಯೇ? ಇಲ್ಲವಾದರೆ ಎಂಜಿನಿನ ಮುಖದಲ್ಲಿ ಅಂಟಿದೆ. ಕಪ್ಪು ಎಣ್ಣೆಯಲ್ಲಿ ಅದು ಕಣ್ಣಿಗೆ ಕಾಣದು, ಬೆರಳಾಡಿಸಿಯೇ ತಿಳಿಯಬೇಕು. ಅನ್ಮೋಡಿನ ಏರಿನಲ್ಲಿ ನಿಂತ ಆ ಟ್ಯಾಕ್ಸಿಗೆ ಇಷ್ಟೇ ಒಂದು ಬೆರಳಿನ ಕೆಲಸ ತಪ್ಪಿತ್ತು. ಮುಖವನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಎಣ್ಣೆಯನ್ನು ಬೆರಳಿನಿಂದ ಸವರಬೇಕು. ಒಣ ರಬ್ಬರು ಲೋಹವನ್ನು ಹಿಡಿದು ಮುರುಟುತ್ತದೆ. ಎಣ್ಣೆ ಸವರಿದುದು ನಯವಾಗಿ ಕೂರುತ್ತದೆ, ಮುಂದೆ ಬಿಚ್ಚುವವನಿಗೂ ಸುಲಭ. ಥ್ರೆಡ್ ಓರೆಯಾಗದಂತೆ ಬೆರಳ ತುದಿಯಿಂದಲೇ ತಿರುಗಿಸುತ್ತ ಹೋಗಿ, ರಬ್ಬರು ತಾಗಿದ ಜಾಗದಲ್ಲಿ ಡಬ್ಬಿಗೊಂದು ಗುರುತು ಹಾಕಿಕೊಂಡು, ಅಲ್ಲಿಂದ ಮುಂದಕ್ಕೆ ಮುಕ್ಕಾಲು ಸುತ್ತು, ಹೆಚ್ಚೆಂದರೆ ಒಂದು ಸುತ್ತು. ಬಹಳಷ್ಟು ಡಬ್ಬಿಗಳ ಮೇಲೆ ಇದನ್ನು ಅಚ್ಚು ಹಾಕಿರುತ್ತಾರೆ. ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸತಕ್ಕದ್ದು. ಈಚಿನ ಕೆಲವು ಕಾರುಗಳಲ್ಲಿ ಡಬ್ಬಿಯ ಬದಲು ಪ್ಲಾಸ್ಟಿಕ್ ಮುಚ್ಚಳವಿದೆ. ಅದರ ಮೇಲೆ 25 ನ್ಯೂಟನ್-ಮೀಟರ್ ಎಂಬಂಥ ಅಂಕಿ ಇರುತ್ತದೆ. ಅದನ್ನು ಮೀರಿದರೆ ಮುಚ್ಚಳವೇ ಸೀಳುತ್ತದೆ.

ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲಬಾರದೆಂದು ಬಾವಿಯ ನೀರು ಕುಡಿಯುವವರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಎಣ್ಣೆ ತುಂಬಿ ಎಂಜಿನನ್ನು ಶುರುಮಾಡಿ, ಕೆಂಪು ದೀಪ ಆರಿತೆಂದು ಕಂಡ ಮೇಲೆ ಐದು ನಿಮಿಷ ಓಡಲು ಬಿಟ್ಟು ಫಿಲ್ಟರಿನ ಸುತ್ತ ಬೆರಳಾಡಿಸಿ ನೋಡಬೇಕು. ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಯ ಒಂದು ಹಾಳೆ ಹಾಸಿಡುವ ರೂಢಿ ನಮ್ಮ ಮನೆಯಲ್ಲಿದೆ. ಬೆಳಿಗ್ಗೆ ಹಾಳೆ ಒಣಗಿದ್ದರೆ, ಇರಲಿ ಇನ್ನೊಂದಿಷ್ಟು ಎಂದು ಯಾರೂ ಪಾನಾ ಮುಟ್ಟುವಂತಿಲ್ಲ.