ಅವ್ವನ ಉದ್ದನೆಯ ಹಿತ್ತಲು

ಹೊಸಪೇಟೆ ಬಿಟ್ಟು ತುಂಗಭದ್ರಾ ಡ್ಯಾಂ ದಾಟುವ ಹೊತ್ತಿಗೆ ರಾತ್ರಿ ಬಸ್ಸಿನಲ್ಲಿ ನನಗೆ ತಾನಾಗಿಯೇ ಎಚ್ಚರವಾಗುತ್ತದೆ. ಎಡದಂಡೆ ಕಾಲುವೆಯ ನೀರು ಗಂಗಾವತಿಯ ಭತ್ತದ ಗದ್ದೆಗಳ ಕಡೆ ಹೋಗುತ್ತದೆ. ನಮ್ಮ ಬಸ್ಸು ಕುಷ್ಟಗಿ ಕಡೆ. ಜಿಲ್ಲೆ ಒಂದೇ, ಕೊಪ್ಪಳ. ಆದರೆ ನಮ್ಮ ಕಡೆಯ ಹೊಲಗಳು ಹೆಚ್ಚಾಗಿ ನಂಬಿರುವುದು ಮಳೆಯನ್ನೇ. ಅದೂ ವರ್ಷಕ್ಕೆ 600 ಮಿ.ಮೀ. ಆಸುಪಾಸು.

ಮನೆ ಪಾಲಾದಾಗ ನಮಗೆ ಬಂದ ಹಿತ್ತಲು 12 ಫೂಟು ಅಗಲ, 60 ಫೂಟು ಉದ್ದ. ಥೇಟ್ ರೈಲಿನ ಡಬ್ಬಿ! ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ ಒಬ್ಬಳೇ. ಮೊಣಕಾಲು ನೋವಿದ್ದರೂ ಕೊಡ ಹೊತ್ತು ಆ ತುದಿಯ ಗಿಡಕ್ಕೂ ನೀರು ಹಾಕುತ್ತಿದ್ದಳು. ಒಂದು ದಿನ ಕಾಲು ಜಾರಿ ಬಿದ್ದಳು. ಫೋನಿನಲ್ಲಿ ಹೇಳಿದ್ದು ಪಕ್ಕದ ಮನೆ ಕಾಕಿ, ಅವ್ವ ಅಲ್ಲ.

ನಾನು ಮೊದಲು ಮಾಡಿಸಿದ್ದು ಹುಲ್ಲುಹಾಸು. ಬೆಂಗಳೂರಿನ ಅಪಾರ್ಟ್‌ಮೆಂಟ್ ನೋಡಿ ಬಂದ ಐಡಿಯಾ. ಏಪ್ರಿಲ್‌ಗೆ ಒಣಗಿ ಚಾಪೆಯಾಯ್ತು.

ಎರಡನೇ ಸಲ ನಮ್ಮ ತಾಲೂಕಿನ ದಾಳಿಂಬೆ ತೋಟಗಳನ್ನು ನೋಡಿ ಕಲಿತೆ. ನಡುವಿನ ದಾರಿಯನ್ನು ಒಂದು ಗೋಡೆ ಪಕ್ಕಕ್ಕೆ ಸರಿಸಿ ಪರ್ಸಿ ಕಲ್ಲು ಹಾಸಿಸಿದೆ. ಉಳಿದದ್ದೆಲ್ಲ ಒಂದೇ ಪಟ್ಟಿ ಮಡಿ. ಜಾಗ ಇಕ್ಕಟ್ಟಾಗಿದ್ದೇ ಲಾಭವಾಯ್ತು: ಟ್ಯಾಂಕಿನಿಂದ ತುದಿಯವರೆಗೆ ಡ್ರಿಪ್ ಪೈಪು ನೆಟ್ಟಗೆ ಒಂದೇ, ತಿರುಗಿಸುವ ನಲ್ಲಿಯೂ ಒಂದೇ. ದಿನಾ ಕೀಳುವ ಕರಿಬೇವು, ಕೊತ್ತಂಬರಿ ಅಡುಗೆಮನೆ ಬಾಗಿಲಲ್ಲಿ. ನಡುವೆ ಲಿಂಬಿ, ದಾಸವಾಳ, ಕೂರಲು ಒಂದು ಕಟ್ಟೆ. ಬೇರೂರಿದ ಮೇಲೆ ಹೆಚ್ಚು ನೀರು ಕೇಳದ ನುಗ್ಗೆ ಪಡುವಣ ತುದಿಗೆ. ಸಂಜೆ ಬಿಸಿಲಿಗೆ ಅದೇ ಮರೆ. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿದೆವು. ತೇವ ಉಳಿಯುತ್ತದೆ, ಕಸ ಕಡಿಮೆ ಏಳುತ್ತದೆ. ಗೆದ್ದಲಿನ ಭಯಕ್ಕೆ ಗಿಡದ ಬುಡದಿಂದ ಒಂದು ಗೇಣು ಬಿಟ್ಟಿದ್ದೇವೆ.

ಎಲ್ಲಾ ಮುಗಿಸಿ ಹೆಮ್ಮೆಯಿಂದ ನಲ್ಲಿ ತಿರುಗಿಸಿ ತೋರಿಸಿದೆ. ಅವ್ವ ಸ್ವಲ್ಪ ಹೊತ್ತು ನೋಡಿದಳು.

“ಛಲೋ ಆತು. ಆದ್ರ ಎಲ್ಲಾ ಪೈಪೇ ಮಾಡಿದ್ರ ಮುಂಜಾನೆದ್ದು ನಾ ಏನ್ ಮಾಡ್ಲಿ ತಮ್ಮಾ?”

ನನ್ನ ಪ್ಲಾನಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಡುಗೆಮನೆ ಬಾಗಿಲ ಹತ್ತಿರದ ಮಲ್ಲಿಗೆ ಬಳ್ಳಿಯ ಡ್ರಿಪ್ಪರ್ ಕಿತ್ತು, ಆ ತೂತು ಮುಚ್ಚಿದೆ. ಈಗ ಅದಕ್ಕೆ ದಿನಾ ಎರಡು ತಂಬಿಗೆ ನೀರು ಅವ್ವನೇ ಹಾಕಬೇಕು. ಫೋನ್ ಮಾಡಿದಾಗಲೆಲ್ಲ ನಾನು ಅವಳ ಕಾಲು ನೋವು ಕೇಳುತ್ತೇನೆ, ಅವಳು ಮಲ್ಲಿಗೆ ಎಷ್ಟು ಬಿಟ್ಟಿತು ಅಂತ ಹೇಳುತ್ತಾಳೆ.