ಕಿಡಿಯೊ ಸುತ್ತುವ ಬೆರಳು

ಮಂಗಳೂರಿನ ನಮ್ಮ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಸುದ್ದಿಯನ್ನು ಮೊದಲು ಹೇಳುವುದು ಒಲೆಯ ಮೇಲಿನ ಎಣ್ಣೆಬಾಣಲೆ. ನೆವ್ರಿ, ಗುಳಿಯೊ, ಚಕ್ಕುಲಿ, ಕಿಡಿಯೊ ಎಲ್ಲ ಸೇರಿದರೆ ಕುಸ್ವಾರ್. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ಪುಟ್ಟ ಹಿಟ್ಟಿನುಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೀರುಗಳ ಹುಳು ಸಿದ್ಧ! ಅದು ಮಕ್ಕಳದೇ ಕೆಲಸ. ಗೋದಲಿಗೆ ಹಸಿರು ಬೇಕೆಂದು ತಟ್ಟೆಯಲ್ಲಿ ರಾಗಿ ಬಿತ್ತಿ ನೀರು ಚಿಮುಕಿಸುವುದೂ ಅವರದೇ.

ನಮ್ಮ ಮೂವರು ಬೆಳೆದಂತೆ ಕೆಲಸಗಳೂ ಕೈ ಬದಲಿಸಿದವು. ಮೀಸೆ ಚಿಗುರಿದ ಮಗ ಬಾಚಣಿಗೆ ಬಿಟ್ಟು ನಕ್ಷತ್ರದ ಗೂಡಿಗೆ ಬಿದಿರು ಸೀಳಲು ಹೋದ. ಹೆಣ್ಣುಮಕ್ಕಳಿಗೆ ಪರೀಕ್ಷೆ, ಆಮೇಲೆ ನೌಕರಿ. ಈಗ ಮಗ ಕುವೈತಿನಲ್ಲಿ, ದೊಡ್ಡವಳು ಬೆಂಗಳೂರಿನಲ್ಲಿ. ಕಿರಿಯವಳಿಗೆ ಈ ಸಲ ಗಂಡನ ಮನೆಯ ಮೊದಲ ಹಬ್ಬ. ನಮ್ಮಿಬ್ಬರಿಗೋ ಸಕ್ಕರೆ ಕಾಯಿಲೆ. "ಬೇಕರಿಯಿಂದ ತಂದರಾಯಿತು" ಎಂದರು ನಮ್ಮವರು.

ನನಗೆ ಒಪ್ಪಿಗೆಯಾಗಲಿಲ್ಲ. ಕುಸ್ವಾರ್ ನಮ್ಮ ಹೊಟ್ಟೆಗೆಂದೇ ಮಾಡುವ ತಿಂಡಿಯೇ? ಚೌತಿಗೆ ಮನೆಯಲ್ಲೇ ಮಾಡಿದ ಪಂಚಕಜ್ಜಾಯ ಕಳಿಸಿದ ಪಕ್ಕದ ಮನೆಗೆ ಬೇಕರಿಯ ಪೊಟ್ಟಣ ಕೊಡುವುದು ಹೇಗೆ? ಮೂರು ಕಿಲೋ ಹಿಟ್ಟಿನ ಬದಲು ಅರ್ಧ ಕಿಲೋ ಕಲಸಿದೆ. ಗಂಟು ನೋಯುವ ಬೆರಳಿನಿಂದ ಆಗದೆಂದು ಕಿಡಿಯೊ ಮಾತ್ರ ಬಿಟ್ಟೆ.

ಅಂದು ರಾತ್ರಿ ಮಗನ ಫೋನು: "ಅಮ್ಮಾ, ಪಾಪು ಕಿಡಿಯೊ ಸುತ್ತುತ್ತಿದ್ದಾಳೆ, ಹಿಟ್ಟು ಬಿರಿಯುತ್ತದಲ್ಲ?"

"ಸ್ವಲ್ಪ ತೆಂಗಿನಹಾಲು ಹಾಕಿ ನಾದು, ಒದ್ದೆಬಟ್ಟೆ ಮುಚ್ಚಿಡು" ಎಂದೆ.

ಮನೆಯ ಮೌನವೇನೂ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಹಬ್ಬದಲ್ಲಿ ನನಗೂ ಒಂದು ಹೊಸ ಕೆಲಸ ಸಿಕ್ಕಿತು: ಹದ ಹೇಳುವುದು. ಇಷ್ಟು ವರ್ಷ ಪಾಠ ಹೇಳಿದವಳಿಗೆ ಅದೇನು ಕಷ್ಟವಲ್ಲ.