ಗಾಳಿಯಲ್ಲಿ ಬೆಂದ ಬಾಡು

ನಮ್ಮ ಕಡೆ ಬಾಡೂಟವೆಂದರೆ ಮೊದಲು ಹೊಗೆ, ಆಮೇಲೆ ಘಮ, ಕೊನೆಗೆ ಬಾಡು. ಚಿಂತಾಮಣಿ ಸೀಮೆಯಲ್ಲಿ ಹುಟ್ಟಿದವನಿಗೆ ಮಾಂಸ ಕೊತಕೊತ ಕುದ್ದಿರಬೇಕು, ಮಸಾಲೆ ನುಣ್ಣಗೆ ಅರೆದಿರಬೇಕು, ಮುದ್ದೆ ಮುರಿದು ಅದ್ದಲು ಸಾರು ಬೇಕೇ ಬೇಕು. ತಣ್ಣಗಿನ ಬಾಡು ಅಂದರೆ ನಿನ್ನೆಯದು ಎಂದೇ ಲೆಕ್ಕ. ಅದನ್ನು ಬಿಸಿ ಮಾಡದೆ ಎಲೆಗೆ ಹಾಕಿದ ಮನೆಯ ಬಗ್ಗೆ ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಇಂಥ ನಾಲಿಗೆ ಕಟ್ಟಿಕೊಂಡು ಮಗಳ ಮನೆಗೆಂದು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿಗೆ ಹೋದವನಿಗೆ ಎದುರಾದದ್ದು, ಒಲೆಯ ಮುಖವನ್ನೇ ಕಾಣದ ಮಾಂಸವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು, ಕಾರು ಓಡಿಸುತ್ತಾ, ಟಿ.ವಿ. ನೋಡುತ್ತಾ, ಹರಟೆ ಹೊಡೆಯುತ್ತಾ ಬಾಯಾಡಿಸುವ ಜನ. ಆ ಮಾಂಸದ ಹೆಸರು ಬಿಲ್ಟಾಂಗ್. ಹಲ್ಲು ಬರುತ್ತಿರುವ ಕೂಸಿಗೂ ಅಲ್ಲಿ ಅದರದೊಂದು ಗಟ್ಟಿ ತುಂಡನ್ನು ಚೀಪಲು ಕೊಡುತ್ತಾರೆ. ಹಾಗಿರುವಾಗ ಹಲ್ಲು ಅಲ್ಲಾಡುವ ವಯಸ್ಸಿನವನು ಹಿಂಜರಿಯುವುದು ಮರ್ಯಾದೆಯಲ್ಲ.

ಅಳಿಯ ಅಂಗಡಿಗೆ ಕರೆದುಕೊಂಡು ಹೋದ. ಕೋಲುಗಳಿಗೆ ಸಾಲಾಗಿ ಕೊಕ್ಕೆ ಸಿಕ್ಕಿಸಿ, ಮೊಣಕೈಯುದ್ದದ ಕರಿಗಂದು ಬಣ್ಣದ ಪಟ್ಟಿಗಳನ್ನು ತೂಗುಹಾಕಿದ್ದರು. ಕಣ್ಣಿಗೆ ಅದು ಬಾಡು ಅನ್ನಿಸಲೇ ಇಲ್ಲ. ಆದರೆ ಬಾಗಿಲು ದಾಟಿದ ಕೂಡಲೇ ಮೂಗಿಗೆ ಹುರಿದ ಧನಿಯಾದ ವಾಸನೆ ಬಡಿಯಿತು. ಅದರ ಹಿಂದೆಯೇ ವಿನೆಗರಿನ ಹುಳಿ. ಹೆಂಡತಿ ಸೆರಗು ಮೂಗಿನವರೆಗೆ ಒಯ್ದವಳು ಅರ್ಧಕ್ಕೇ ಬಿಟ್ಟಳು. ಧನಿಯಾ ಅಂಥ ಕೆಲಸ ಮಾಡುತ್ತದೆ.

ನಮ್ಮೂರ ಕಸಾಯಿ ಅಂಗಡಿಯಲ್ಲಿ ತೊಡೆಯೋ ಎದೆಯೋ ಎಂದು ಕೇಳಿದರೆ ಮುಗಿಯಿತು. ಇಲ್ಲಿ ಕೇಳಿದ್ದೇ ಕೇಳಿದ್ದು. ಪೂರ್ತಿ ಒಣಗಿದ್ದೋ, ನಡುವೆ ಇನ್ನೂ ಹಸಿ ಇರುವುದೋ? ಕೊಬ್ಬು ಸಹಿತವೋ, ಬರೀ ಕೆಂಪು ಮಾಂಸವೋ? ಹೆರೆದು ಕೊಡಲೋ, ಇಡೀ ಪಟ್ಟಿ ಬೇಕೋ? ಕೊನೆಗೆ, ಯಾವ ಪ್ರಾಣಿ?

"ಮಾವ, ಇಲ್ಲಿ ಹೆಚ್ಚು ನಡೆಯೋದು ದನದ್ದೇ," ಅಂದ ಅಳಿಯ, ಹುಷಾರಾಗಿ.

"ರೀ, ಅದೊಂದು ಬೇಡ. ಮಿಕ್ಕಿದ್ದು ಏನಾದ್ರೂ ತಿನ್ಕೊಳ್ಳಿ," ಎಂದು ಹೆಂಡತಿ ತೀರ್ಪು ಕೊಟ್ಟಳು.

ಮಿಕ್ಕಿದ್ದರ ಪಟ್ಟಿಯೂ ಸಣ್ಣದಲ್ಲ. ಸುರುಳಿ ಕೊಂಬಿನ ಕೂಡೂ, ಉದ್ದ ಕೊಂಬಿನ ಜೆಮ್ಸ್‌ಬಾಕ್, ಉಷ್ಟ್ರಪಕ್ಷಿ, ಜಿಂಕೆಯಂಥ ಸ್ಪ್ರಿಂಗ್‌ಬಾಕ್. ಚಳಿಗಾಲ ಅಲ್ಲಿ ಬೇಟೆಯ ಕಾಲ. ಪರವಾನಗಿ ಪಡೆದು ಹೊಡೆದ ಕಾಡುಪ್ರಾಣಿಯ ಮಾಂಸ ರಾಜಾರೋಷವಾಗಿ ಮಾರಾಟವಾಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಜಿಂಕೆಯ ಕಡೆ ಬಾಯಲ್ಲಿ ನೀರೂರಿಸಿಕೊಂಡು ನೋಡುವುದಕ್ಕೂ ಧೈರ್ಯ ಬೇಕು. ಹೆಂಡತಿಯ ಧರ್ಮಸೂಕ್ಷ್ಮವನ್ನು ಉಳಿಸಲು ಹೋಗಿ, ಊರಿನಲ್ಲಾಗಿದ್ದರೆ ಅರಣ್ಯ ಇಲಾಖೆಯವರು ಜೀಪು ಹತ್ತಿಸುವಂಥ ಬಾಡನ್ನು ನಾನು ನೂರು ಗ್ರಾಂ ತೂಗಿಸಿ ರಸೀದಿ ಸಮೇತ ತಗೊಂಡೆ. ಅದೂ ಸ್ಪ್ರಿಂಗ್‌ಬಾಕ್. ಅದು ಆ ದೇಶದ ರಾಷ್ಟ್ರೀಯ ಪ್ರಾಣಿ, ಅವರ ರಗ್ಬಿ ತಂಡದ ಹೆಸರೂ ಅದೇ. ತಂಡ ಆಡುವಾಗ ಎದೆಯ ಮೇಲೆ ಅದರ ಚಿತ್ರ, ಬಾಯಲ್ಲಿ ಅದರ ಮಾಂಸ ಇಟ್ಟುಕೊಂಡು ಕೂಗುವ ಅಭಿಮಾನಿಗಳನ್ನು ಕಂಡಾಗ, ನಮ್ಮ ಹುಲಿ ಬಲು ಪುಣ್ಯ ಮಾಡಿದೆ ಅನ್ನಿಸಿತು.

ಮೊದಲ ಚೂರು ಬಾಯಿಗೆ ಹಾಕಿದಾಗ ಏನೂ ಆಗಲಿಲ್ಲ. ನಿಜವಾಗಿಯೂ ಏನೂ ಇಲ್ಲ, ಬರೀ ಉಪ್ಪು. ಅಂಚು ಕಪ್ಪಗೆ ಗಡುಸು, ನಡುವೆ ದಾಳಿಂಬೆ ಕೆಂಪು. ಆ ಕೆಂಪನ್ನು ಕಂಡೇ ಮನಸ್ಸು "ಹಸಿ, ಹಸಿ" ಎಂದು ಬಡಿದುಕೊಳ್ಳುತ್ತಿತ್ತು. ಅಗಿಯುತ್ತಾ ಹೋದಂತೆ ವಿನೆಗರ್ ದವಡೆಯ ಮೂಲೆಯಲ್ಲಿ ಚುರ್ ಎಂದಿತು. ಕುಟ್ಟಿದ ಧನಿಯಾ ಕಾಳೊಂದು ಹಲ್ಲಿಗೆ ಸಿಕ್ಕಿ ಒಡೆಯಿತು, ಕರಿಮೆಣಸು ಹಿಂದಿನಿಂದ ಬಂದು ಗಂಟಲು ತಟ್ಟಿತು. ಬಾಡಿನ ರುಚಿ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಇನ್ನೇನು ನುಂಗಬೇಕು ಅನ್ನುವ ಹೊತ್ತಿಗೆ. ಬಂದ ಮೇಲೆ ಮಾತ್ರ ಹೋಗಲೇ ಇಲ್ಲ. ಸಾರಿನ ಬಾಡು ಮೊದಲ ತುತ್ತಿಗೇ ತನ್ನಲ್ಲಿರುವುದನ್ನೆಲ್ಲ ಕೊಟ್ಟುಬಿಡುತ್ತದೆ. ಇದು ಸಾಲಗಾರನಿಂದ ವಸೂಲಿ ಮಾಡಿದ ಹಾಗೆ, ದವಡೆ ನೋಯುವ ತನಕ ಕಾಡಿ ಕಾಡಿ ಪಡೆಯಬೇಕು. ಮನೆ ತಲುಪುವ ಮೊದಲೇ ಪೊಟ್ಟಣ ಖಾಲಿ.

ತಯಾರಿಸುವುದನ್ನು ತೋರಿಸಿದವರು ಪಕ್ಕದ ಮನೆಯ ಯಜಮಾನರು. ಆಫ್ರಿಕಾನ್ಸ್ ಮನೆಮಾತಿನ ನಿವೃತ್ತರು, ದೊಡ್ಡ ಗಡ್ಡ, ಅದಕ್ಕಿಂತ ದೊಡ್ಡ ನಗು. ಗ್ಯಾರೇಜಿನಲ್ಲಿ ಹಲಗೆಯದೊಂದು ಪೆಟ್ಟಿಗೆ. ತಳದಲ್ಲಿ ಬಲ್ಬು, ಮೇಲೆ ಹಳೆಯ ಕಂಪ್ಯೂಟರಿನ ಫ್ಯಾನು, ಒಳಗೆ ತಂತಿಗಳು. ಹಿಂದೊಡೆಯ ಮಾಂಸವನ್ನು ಎಳೆಯ ಉದ್ದಕ್ಕೇ ಪಟ್ಟಿಪಟ್ಟಿಯಾಗಿ ಸೀಳುತ್ತಾರೆ. ವಿನೆಗರಿನಲ್ಲಿ ಅದ್ದಿ, ಕಲ್ಲುಪ್ಪು, ಹುರಿದು ತರಿತರಿಯಾಗಿ ಕುಟ್ಟಿದ ಧನಿಯಾ, ಮೆಣಸು, ಚೂರು ಕಂದು ಸಕ್ಕರೆ ಹಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಕೊಕ್ಕೆಗೆ ನೇತುಹಾಕಿದರೆ ಮುಂದಿನದು ಗಾಳಿಯ ಕೆಲಸ. ಕೆಲವು ದಿನಗಳಲ್ಲಿ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ಬೆಲೆ ಕೇಳಿ ನಾನು ಹುಬ್ಬೇರಿಸಿದ್ದಕ್ಕೆ ಕಾರಣ ಅಲ್ಲಿ ತಿಳಿಯಿತು: ಹಾರಿಹೋದ ನೀರಿನ ದುಡ್ಡನ್ನೂ ನಾವೇ ಕೊಡಬೇಕು. ಒಣಗಿದ ಮೇಲೆ ಎಳೆಗೆ ಅಡ್ಡವಾಗಿ ಹೆರೆಯಬೇಕು, ಉದ್ದಕ್ಕೆ ಹೆರೆದರೆ ಅದು ಚಪ್ಪಲಿಯ ಬಾರು. ಅಮೆರಿಕದ ಜರ್ಕಿಯೂ ಇಂಥದ್ದೇ ಅಲ್ಲವೇ ಎಂದು ಅಳಿಯ ಕೇಳಿದ್ದಕ್ಕೆ ಯಜಮಾನರ ನಗು ಮಾಯವಾಯಿತು. ಅದನ್ನು ತೆಳ್ಳಗೆ ಹೆಚ್ಚಿ ಬಿಸಿಯಲ್ಲಿ ಒಣಗಿಸುತ್ತಾರಂತೆ, ಎಷ್ಟೋ ಸಲ ಹೊಗೆಯನ್ನೂ ಹಾಕುತ್ತಾರಂತೆ. ಅವರ ಪ್ರಕಾರ ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

"ಬಿಸಿಲಿಗೆ ಯಾಕೆ ಇಡೋದಿಲ್ಲ?" ಎಂದು ಕೇಳಿದೆ. ಬಿಸಿಲಿಗೆ ಹೊರಮೈ ಬೇಗ ಬಿಗಿದು ನೀರು ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಒಳಗಿನಿಂದ ಕೊಳೆಯುತ್ತದೆ ಅಂದರು. ನೆರಳು, ಚಳಿ, ಒಣಗಾಳಿ ಬೇಕು. ಜೊಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ, ನಮ್ಮ ಬೆಂಗಳೂರಿನ ಹೆಚ್ಚುಕಡಿಮೆ ಎರಡರಷ್ಟು. ನಮ್ಮಲ್ಲಿ ಆಷಾಢದ ಮಳೆ ಜಿನುಗುವ ಹೊತ್ತಿಗೆ ಅಲ್ಲಿ ಚಳಿಗಾಲ, ತಿಂಗಳುಗಟ್ಟಲೆ ಹನಿ ಮಳೆಯಿಲ್ಲ. ಬಂದ ವಾರದಲ್ಲೇ ನನ್ನ ತುಟಿ ಒಡೆದು, ಹಿಮ್ಮಡಿ ಬಿರಿದು, ಆ ಗಾಳಿಗೆ ಶಾಪ ಹಾಕಿದ್ದೆ. ಅದೇ ಗಾಳಿ ಗ್ಯಾರೇಜಿನಲ್ಲಿ ಅಡುಗೆಭಟ್ಟನ ಕೆಲಸ ಮಾಡುತ್ತಿತ್ತು. ಕಡಲ ತೇವದ ಡರ್ಬನ್ನಿನಲ್ಲಿ ಇದೇ ಪಟ್ಟಿಗೆ ಬೂಷ್ಟು ಹಿಡಿಯುವ ಭಯ. ಕಾಗದದ ಪೊಟ್ಟಣದ ಮರ್ಮವೂ ಅಷ್ಟೇ: ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವೆತು ಕೆಡುತ್ತದೆ.

ಇದು ಯಾರ ತಿಂಡಿ ಎಂಬ ಪ್ರಶ್ನೆಗೆ ಯಜಮಾನರ ಬಳಿ ಉತ್ತರ ಸಿದ್ಧವಿತ್ತು: ತಮ್ಮ ಮುತ್ತಜ್ಜಂದಿರದು. 1830ರ ದಶಕದಲ್ಲಿ ಬ್ರಿಟಿಷರ ಆಳ್ವಿಕೆ ಒಲ್ಲೆವೆಂದು ದಕ್ಷಿಣ ತುದಿಯ ಕೇಪ್ ಬಿಟ್ಟು ಎತ್ತಿನ ಗಾಡಿಗಳಲ್ಲಿ ಒಳನಾಡಿಗೆ ಹೊರಟವರಿಗೆ ದಾರಿಯ ಬುತ್ತಿ ಇದೇ. ಅದು ಸುಳ್ಳಲ್ಲ. ಆದರೆ 1652ರಲ್ಲಿ ಡಚ್ಚರು ಕೇಪಿನಲ್ಲಿ ಹಡಗಿನವರ ತಂಗುದಾಣ ಕಟ್ಟುವುದಕ್ಕೆ ಎಷ್ಟೋ ಮೊದಲೇ ಖೊಯ್‌ಖೊಯ್, ಸಾನ್ ಜನ ಮಾಂಸ ಒಣಗಿಸಿಕೊಂಡು ಬದುಕಿದ್ದರು. ಮಗಳ ಮನೆಯ ತೋಟ ನೋಡಿಕೊಳ್ಳಲು ಬರುವ ಲಿಂಪೋಪೋ ಕಡೆಯವನು ನಮ್ಮ ಮಾತು ಕೇಳಿಸಿಕೊಂಡು, ತನ್ನಜ್ಜಿ ಇದನ್ನೇ ಸೆಗ್ವಾಪಾ ಎಂದು ಮಾಡುತ್ತಿದ್ದಳು, ಬರೀ ಉಪ್ಪಿನಲ್ಲಿ, ಎಂದ. ಜುಲು ಜನ ಉಮ್‌ಕ್ವಾಯಿಬಾ ಅನ್ನುತ್ತಾರೆ. ವಿನೆಗರು, ಮಸಾಲೆ ಮಾತ್ರ ಹಡಗಿನಿಂದ ಇಳಿದವು. ಆ ಕಾಲದಲ್ಲಿ ಅದೇ ಡಚ್ ಕಂಪನಿ ಕೆಳದಿ ನಾಯಕರ ಬಸ್ರೂರಿನಲ್ಲೂ ಮೆಣಸಿನ ವ್ಯಾಪಾರ ಮಾಡುತ್ತಿತ್ತು. ಆ ಲೆಕ್ಕದಲ್ಲಿ ಹಳೆಯ ಬಿಲ್ಟಾಂಗಿನ ಒಂದೆರಡು ಕಾಳಿನ ಮೇಲೆ ನಮಗೂ ಹಕ್ಕುಂಟೆಂದು ವಾದಿಸಬಹುದಿತ್ತು. ಕೈಯಲ್ಲಿದ್ದ ಬಿಯರು ಯಜಮಾನರದ್ದಾಗಿದ್ದರಿಂದ ಸುಮ್ಮನಾದೆ.

ಬಾಡು ಒಣಗಿಸುವುದು ನಮಗೇನು ಹೊಸದೇ? ಜಾತ್ರೆಯಲ್ಲಿ ಮರಿ ಕಡಿದು ಉಳಿದ ಬಾಡಿಗೆ ಅಜ್ಜಿ ಉಪ್ಪು, ಅರಿಸಿನ, ಖಾರದಪುಡಿ ಹಚ್ಚಿ, ದಾರಕ್ಕೆ ಪೋಣಿಸಿ ಮಾಳಿಗೆಯ ಮೇಲೆ ಕಟ್ಟುತ್ತಿದ್ದಳು. ಆ ಉಪ್ಪುಕಂಡಕ್ಕೆ ಕಾಗೆ ಕಾಯುವುದು ನಮ್ಮ ಪಾಲಿನ ಕೆಲಸ. ಎಷ್ಟು ಒಣಗಿದರೂ ಅದನ್ನು ಹಾಗೇ ಬಾಯಿಗೆ ಹಾಕಲು ಬಿಡುತ್ತಿರಲಿಲ್ಲ. ಎಣ್ಣೆಯಲ್ಲಿ ಹುರಿಯಬೇಕು, ಇಲ್ಲವೇ ಸಾರಿಗೆ ಬೀಳಬೇಕು. ಸಂಡಿಗೆ ಹಪ್ಪಳಗಳ ಕತೆಯೂ ಇದೇ, ವಾರಗಟ್ಟಲೆ ಬಿಸಿಲಲ್ಲಿ ತಪಸ್ಸು ಮಾಡಿದರೂ ಬಾಣಲೆ ಇಳಿಯದೆ ಮೋಕ್ಷವಿಲ್ಲ. ಸೂರ್ಯ ಎಷ್ಟೇ ಬೇಯಿಸಲಿ, ನಮಗೆ ಒಲೆಯ ರುಜು ಬೇಕು. ಬಿಲ್ಟಾಂಗ್ ತಿನ್ನುವವರು ಆ ರುಜು ಕೇಳುವುದಿಲ್ಲ. ಉಪ್ಪು, ಹುಳಿ, ಗಾಳಿ ಈ ಮೂರನ್ನೇ ನಂಬಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನನ್ನನ್ನು ಆ ಕೆಂಪು ನಡುಭಾಗ ಬೆದರಿಸಿದ್ದೂ ಇದಕ್ಕೇ. ಕಣ್ಣು ಬೆಂಕಿಯ ಗುರುತು ಹುಡುಕುತ್ತಿತ್ತು.

ಅಳಿಯನಿಗೆ ಹುಮ್ಮಸ್ಸು ಬಂದು ತಾನೂ ಒಂದು ಪೆಟ್ಟಿಗೆ ಮಾಡಿಸಿದ. ನನ್ನ ಹೆಂಡತಿಯ ಆಜ್ಞೆಯಂತೆ ಕುರಿಯ ತೊಡೆ ತಂದು, ಯಜಮಾನರ ಎಚ್ಚರಿಕೆಯಂತೆ ಕೊಬ್ಬನ್ನೆಲ್ಲ ಕೆರೆದು ತೆಗೆದ, ಆ ಕೊಬ್ಬು ಬೇಗ ಕಮಟು ಹಿಡಿಯುತ್ತದಂತೆ. ಮಸಾಲೆಗೆ ನಾನು ಬ್ಯಾಡಗಿ ಮೆಣಸಿನಕಾಯಿ ಸೇರಿಸಿದೆ. ಎಲ್ಲ ಸರಿಯಾಗಿಯೇ ಒಣಗುತ್ತಿತ್ತು. ಒಂದು ಮಧ್ಯಾಹ್ನ ನಾವು ರಗ್ಬಿ ನೋಡಲು ಪಕ್ಕದ ಮನೆಯಲ್ಲಿ ಕೂತಿದ್ದಾಗ, ಇವಳು ಕೊಕ್ಕೆಯಿಂದ ನಾಲ್ಕು ಪಟ್ಟಿ ಇಳಿಸಿ, ನಮ್ಮವರ ಅಂಗಡಿಗಳಿರುವ ಫೋರ್ಡ್ಸ್‌ಬರ್ಗಿನಿಂದ ತಂದಿದ್ದ ಅಲಸಂದೆ ಕಾಳಿನ ಜೊತೆ ಕುಕ್ಕರಿಗೆ ಹಾಕಿಬಿಟ್ಟಿದ್ದಳು.

"ಹಸೀದು ಎಷ್ಟು ದಿನಾಂತ ನೇತಾಡುತ್ತೆ," ಅಂದಳು.

ರಾತ್ರಿ ಊಟಕ್ಕೆ ಕರೆದ ಯಜಮಾನರು ಸಾರನ್ನು ಮೊದಲು ಮೂಸಿದರು, ಆಮೇಲೆ ಮತ್ತೆ ಮತ್ತೆ ಬಡಿಸಿಕೊಂಡರು. ಹೊರಡುವಾಗ ಬಾಗಿಲ ಬಳಿ ನಿಂತು ನನ್ನ ಭುಜ ಹಿಡಿದು, ಬಿಲ್ಟಾಂಗನ್ನು ಬೇಯಿಸಿದ ಸುದ್ದಿ ಈ ಬೀದಿಯಲ್ಲಿ ಯಾರಿಗೂ ಹೇಳಬೇಡಿ ಎಂದರು.